ಜೇನುಗಿಡುಗ ಕಂಡರೆ ಕ್ಯಾಮೆರಾ ಎತ್ತುವ ಮೊದಲು

ಬೇಸಿಗೆಯಲ್ಲಿ ಗೆಳೆಯರ ಜೊತೆ ಹಕ್ಕಿ ನೋಡಲು ಹೊರಡುವವರು ದಯವಿಟ್ಟು ಇದನ್ನು ಓದಿ. ನೀರು, ಟೋಪಿ, ಓಆರ್‌ಎಸ್ ಎಲ್ಲ ನಮ್ಮ ಹತ್ತಿರ ಇತ್ತು. ಹಾವಿನ ಭಯಕ್ಕೆ ಶೂ ಕೂಡ ಹಾಕಿಕೊಂಡಿದ್ದೆವು. ನಮ್ಮನ್ನು ಆಸ್ಪತ್ರೆ ಸೇರಿಸಿದ್ದು ಹೆಜ್ಜೇನು.

ಮೇ ತಿಂಗಳ ಒಂದು ಭಾನುವಾರ ನಾವು ನಾಲ್ವರು ಬೆಳಗಿನ ಐದಕ್ಕೇ ಬೆಂಗಳೂರಿನ ವಿಜಯನಗರದಿಂದ ಹೊರಟು ಮಾಗಡಿ ರಸ್ತೆ ಹಿಡಿದೆವು. ಸಾವನದುರ್ಗದ ಕಡೆ. ಚಳಿಗಾಲಕ್ಕೆ ಬಂದ ವಲಸೆ ಹಕ್ಕಿಗಳು ಆ ಹೊತ್ತಿಗೆ ವಾಪಸ್ ಹೋಗಿರುತ್ತವೆ, ಸುಮಾರು ಕೆರೆಗಳೂ ಇಳಿದಿರುತ್ತವೆ. ಹಾಗಾಗಿ ಬೇಸಿಗೆಯಲ್ಲಿ ನಾವು ಬಂಡೆಬೆಟ್ಟಗಳ ಕಡೆ ಹೋಗುವುದೇ ಜಾಸ್ತಿ. ಹಳದಿ ಕೊರಳಿನ ಪಿಕಳಾರಕ್ಕೆ ಬಂಡೆ, ಕುರುಚಲು ಗಿಡ ಇದ್ದರೇನೇ ಸರಿ. ಏಳೂವರೆಗೆಲ್ಲ ಅದು ಸಿಕ್ಕಿತು. ಚಿತ್ರಾನ್ನ ತಿಂದು ಹೊರಟುಬಿಡಬೇಕಿತ್ತು. ಹೊರಡಲಿಲ್ಲ.

ಒಂಬತ್ತು ದಾಟಿತ್ತು. ಬಂಡೆ ಕಾಯುತ್ತಿತ್ತು. ನಮ್ಮಲ್ಲಿ ಒಬ್ಬರು ಹಿರಿಯರು, ಎಲ್ಲರೂ ಅವರನ್ನು ಸರ್ ಎನ್ನುತ್ತೇವೆ. ಅವರು ತಲೆ ಎತ್ತಿ, "ನೋಡ್ರಪ್ಪಾ, ಜೇನುಗಿಡುಗ!" ಎಂದರು. ಹದ್ದಿನಷ್ಟು ದೊಡ್ಡ ಹಕ್ಕಿ, ಪಾರಿವಾಳದ ಹಾಗೆ ಸಣ್ಣ ತಲೆ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನಿನ ಗೂಡು ನೇತಾಡುತ್ತಿತ್ತು. ಅದನ್ನು ನಾವು ಮೊದಲೇ ನೋಡಿದ್ದೆವು. ದೂರ ಇದೆಯಲ್ಲ, ನಾವೇನು ಕಲ್ಲು ಹೊಡೆಯುತ್ತೇವಾ ಎಂದುಕೊಂಡಿದ್ದೆವು.

ಗಿಡುಗ ಎರಡು ಸುತ್ತು ಹಾಕಿತು. ಅದು ಹತ್ತಿರ ಬಂದಾಗಲೆಲ್ಲ ಗೂಡಿನ ಮೇಲೆ ಅಲೆ ಓಡುತ್ತಿತ್ತು. ಸಾವಿರಾರು ಹುಳಗಳು ಒಂದಾದ ಮೇಲೊಂದು ಹಿಂಭಾಗ ಎತ್ತಿ ಇಳಿಸಿದಾಗ ಕಪ್ಪು ಸೀರೆ ಒದರಿದ ಹಾಗೆ ಕಾಣುತ್ತದೆ. ಹತ್ತಿರ ಬರಬೇಡ ಎಂದು ಹೆಜ್ಜೇನು ಹೇಳುವ ರೀತಿ ಅದು. ನಮಗೆ ಅದು ಚಂದದ ವಿಡಿಯೊ ಆಗಿ ಕಂಡಿತು. ಇನ್ನೂ ಚೆನ್ನಾಗಿ ಸಿಗಲಿ ಎಂದು ನಾನೇ ಟ್ರೈಪಾಡ್ ಎತ್ತಿಕೊಂಡು ಮುಂದೆ ಹೋದೆ. ಈ ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ.

ಗಿಡುಗ ನೇರ ಹೋಗಿ ಗೂಡಿಗೆ ಉಗುರು ಹಾಕಿತು. ಹೆಸರು ಜೇನುಗಿಡುಗ ಅಷ್ಟೇ, ಅದಕ್ಕೆ ಮುಖ್ಯವಾಗಿ ಬೇಕಿರುವುದು ಒಳಗಿರುವ ಮರಿಹುಳು. ಮುಖದ ಮೇಲೆ ಹುರುಪೆಯಂಥ ಒತ್ತಾದ ಗರಿ ಇರುವುದರಿಂದ ಕಚ್ಚಿಸಿಕೊಂಡರೂ ತಡೆದುಕೊಳ್ಳುತ್ತದೆ. ಒಂದು ತುಂಡು ಕಿತ್ತುಕೊಂಡು ಹಾರಿಹೋಯಿತು. ಎದ್ದ ಹುಳಗಳಿಗೆ ಕೆಳಗೆ ಸಿಕ್ಕಿದ್ದು ನಾವು.

"ಓಡ್ರಪ್ಪೋ, ಹುಳ ಎದ್ದವೆ!" ಎಂದು ಮೇಕೆ ಮೇಯಿಸುತ್ತಿದ್ದ ಅಜ್ಜ ಕೂಗಿದ್ದು ಕೇಳಿಸಿತು. ಓಡಿದೆವು, ಆದರೆ ನಾಲ್ವರು ನಾಲ್ಕು ದಿಕ್ಕಿಗೆ. ಗೆಳತಿ ಟೋಪಿ ತೆಗೆದು ಬೀಸತೊಡಗಿದಳು. ಅವಳ ಟೀ ಶರ್ಟೂ ಕಪ್ಪು, ಟೋಪಿಯೂ ಕಪ್ಪು. ಗಾಢ ಬಣ್ಣ, ಕೂದಲು, ಕೈ ಬೀಸುವುದು, ಮೂರೂ ಹೆಜ್ಜೇನನ್ನು ಇನ್ನಷ್ಟು ರೇಗಿಸುತ್ತವೆ. ಒಂದು ಕಚ್ಚಿದರೆ ಅಲ್ಲಿ ಬಾಳೆಹಣ್ಣಿನಂಥ ವಾಸನೆ ಏಳುತ್ತದೆ. ಉಳಿದವು ಅದೇ ಜಾಗ ಹುಡುಕಿಕೊಂಡು ಬರುತ್ತವೆ. ಆ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ಬಾಳೆಹಣ್ಣು ತಿಂದು ತಿಂಗಳಾಯಿತು.

ನಾನು ಕಾರಿನ ತನಕ ಓಡಿದೆ. ಕೀ ಬ್ಯಾಗಿನಲ್ಲಿತ್ತು. ಬ್ಯಾಗು ಬಂಡೆಯ ಹತ್ತಿರ.

ಗೆಳತಿಯನ್ನು ಉಳಿಸಿದ್ದು ಆ ಅಜ್ಜ. ಹೆಗಲ ಮೇಲಿದ್ದ ಕಂಬಳಿಯನ್ನು ಅವಳ ಮೇಲೆ ಹೊದಿಸಿ, "ಅಲ್ಲಾಡಬ್ಯಾಡ ಮಗಳೆ, ಉಸಿರು ಬಿಗಿ ಹಿಡಿ" ಎಂದು ತಾನೂ ಒಳಗೆ ಕುಕ್ಕರಿಸಿ ಕೂತರಂತೆ. ಅವರಿಗೂ ಏಳೆಂಟು ಕಡೆ ಕಚ್ಚಿತ್ತು. ನಾವು ಕೊಟ್ಟ ದುಡ್ಡು ಮುಟ್ಟಲಿಲ್ಲ. ಬೀಡಿಗೆ ಅಂತ ಸರ್ ಜೇಬಿಗೆ ತುರುಕಿದ್ದಷ್ಟೇ.

ಆಮೇಲಿನದು ಇನ್ನೊಂದು ಪಾಡು. ದಾರಿಯ ಅಂಗಡಿಯವರು ಸುಣ್ಣ ಹಚ್ಚಿ ಎಂದರು. ಹಚ್ಚುತ್ತಾ ಹತ್ತು ನಿಮಿಷ ಕಳೆದೆವು. ಮೊದಲು ಸಿಕ್ಕ ಕ್ಲಿನಿಕ್ ಭಾನುವಾರ ಅಂತ ಮುಚ್ಚಿತ್ತು. ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗೆಳತಿಯ ತುಟಿ ಊದಿ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಡಾಕ್ಟರ್ ನೋಡಿದ ತಕ್ಷಣ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟರು. ನಲವತ್ತಕ್ಕೂ ಜಾಸ್ತಿ ಮುಳ್ಳು ತೆಗೆದರು. ಹುಳ ಹಾರಿಹೋದ ಮೇಲೂ ಮುಳ್ಳಿಗೆ ಅಂಟಿದ ಚೀಲ ಸ್ವಲ್ಪ ಹೊತ್ತು ವಿಷ ಬಿಡುತ್ತಲೇ ಇರುತ್ತದೆ. ಆದ್ದರಿಂದ ಸುರಕ್ಷಿತ ಜಾಗ ಸೇರಿದ ಕೂಡಲೇ ಉಗುರಿನಿಂದಲೋ ಎಟಿಎಂ ಕಾರ್ಡಿನಿಂದಲೋ ಕೆರೆದು ತೆಗೆಯಬೇಕು. ಸುಣ್ಣ ಹಚ್ಚುತ್ತಾ ಕೂರಬಾರದು, 108ಕ್ಕೆ ಫೋನ್ ಮಾಡಬೇಕು. ತುಂಬಾ ಕಚ್ಚಿದ್ದರೆ ಆಮೇಲೆ ಕಿಡ್ನಿಗೂ ಪೆಟ್ಟು ಬೀಳಬಹುದಂತೆ, ಅದಕ್ಕೇ ಅವಳನ್ನು ಎರಡು ದಿನ ಇಟ್ಟುಕೊಂಡು ರಕ್ತ ಪರೀಕ್ಷೆ ಮಾಡಿದರು. ಈಗ ಚೆನ್ನಾಗಿದ್ದಾಳೆ. ನನಗೆ ಹನ್ನೊಂದು ಕಚ್ಚಿತ್ತು, ಸರ್‌ಗೆ ಒಂದೂ ಇಲ್ಲ. ಅವರು ಹಿಂದೆ ಮುಂದೆ ನೋಡದೆ ಒಂದೇ ದಿಕ್ಕಿಗೆ, ಮುಖಕ್ಕೆ ಟವೆಲ್ ಮುಚ್ಚಿಕೊಂಡು ಓಡಿದ್ದರು. ಅರವತ್ತೈದು ವಯಸ್ಸು!

ಇದಕ್ಕೆ ಸಾವನದುರ್ಗಕ್ಕೇ ಹೋಗಬೇಕಿಲ್ಲ. ಹೆಜ್ಜೇನು ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿ ಕೆಳಗೂ ಕಟ್ಟುತ್ತದೆ, ನೀರಿನ ಟ್ಯಾಂಕಿಗೂ ಕಟ್ಟುತ್ತದೆ. ಜೇನುಗಿಡುಗ ಬೆಂಗಳೂರಿನ ಒಳಗೂ ಬರುತ್ತದೆ. ಗೂಡಿನ ಸುತ್ತ ಅದು ಸುತ್ತು ಹಾಕುತ್ತಿದ್ದರೆ ಅಥವಾ ಗೂಡಿನ ಮೇಲೆ ಅಲೆ ಓಡುತ್ತಿದ್ದರೆ ತಕ್ಷಣ ಕಾರಿನೊಳಗೆ ಕೂತು ಗಾಜು ಏರಿಸಿ. ನೀರಿಗೆ ಹಾರಬೇಡಿ, ತಲೆ ಎತ್ತುವವರೆಗೂ ಮೇಲೆ ಕಾಯುತ್ತವೆ. ಗುಂಪಿನಲ್ಲಿ ಯಾರಿಗಾದರೂ ಜೇನಿನ ಅಲರ್ಜಿ ಇದೆಯಾ ಎಂದು ಹೊರಡುವ ಮೊದಲೇ ಕೇಳಿ. ನಾವು ಯಾವ ಕ್ಯಾಮೆರಾ, ಯಾವ ಲೆನ್ಸು ಎಂದು ಕೇಳಿಕೊಂಡಿದ್ದೆವು, ಇದನ್ನು ಕೇಳಿರಲಿಲ್ಲ. ಕಾರಿನ ಕೀ ಜೇಬಿನಲ್ಲಿರಲಿ.

ಬ್ಯಾಗನ್ನು ಅಜ್ಜ ತಂದುಕೊಟ್ಟರು. ಟ್ರೈಪಾಡ್ ಇನ್ನೂ ಆ ಬಂಡೆಯ ಕೆಳಗೇ ಇದೆ. ಯಾರಿಗಾದರೂ ಕಂಡರೆ ತರಲು ಹೋಗಬೇಡಿ, ಗೂಡೂ ಅಲ್ಲೇ ಇದೆ.