ಮೈಲುತುತ್ತ ಮತ್ತು ಜಿಂಕ್ ಸಲ್ಫೇಟ್: ಹಸಿ ಮಾಲು, ಒಣ ಮಾಲುಗಳ ದೀರ್ಘಕಾಲದ ಬಳಕೆಯ ವಿಮರ್ಶೆ

ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟ ಮತ್ತು ಗದ್ದೆಗಳಲ್ಲಿ ಹಲವು ಮಳೆಗಾಲ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಜಿಂಕ್ ಸಲ್ಫೇಟ್ (ಸತುವಿನ ಗೊಬ್ಬರ) ಎಂಬ ಎರಡು ಲವಣಗಳನ್ನು ಹಸಿ, ಒಣ ಎರಡೂ ರೂಪಗಳಲ್ಲಿ ಬಳಸಿ ನೋಡಿ ಬರೆಯುತ್ತಿದ್ದೇನೆ. ಚೀಲದ ತೂಕಕ್ಕಲ್ಲ, ಅದರೊಳಗಿನ ಲೋಹಕ್ಕೆ ಹಣ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ನಮ್ಮ ಆಷಾಢದ ಗಾಳಿಯಲ್ಲಿ ಆ ಲೆಕ್ಕವೊಂದೇ ಸಾಲದು.

ಈ ಲವಣಗಳಲ್ಲಿ ನೀರು ಎರಡು ಬಗೆಯಲ್ಲಿರುತ್ತದೆ. ಒಂದು, ಹರಳಿನ ರಚನೆಯೊಳಗೇ ಸೇರಿದ ನೀರು. ಇನ್ನೊಂದು, ಕಾರ್ಖಾನೆಯಲ್ಲಿ ಸರಿಯಾಗಿ ಒಣಗಿಸದೆ ಹರಳಿನ ಮೈಗೆ ಅಂಟಿಕೊಂಡು ಬಂದ ನೀರು. ಮುಟ್ಟಿದರೆ ಬೆರಳು ಒದ್ದೆಯಾಗದ ಅಪ್ಪಟ ನೀಲಿ ಮೈಲುತುತ್ತದಲ್ಲಿಯೂ ತೂಕದ ಸುಮಾರು ಶೇಕಡ 36 ಭಾಗ ನೀರೇ ಇದ್ದು, ತಾಮ್ರವಿರುವುದು ಶೇಕಡ 25ರಷ್ಟು ಮಾತ್ರ. ಇದರಲ್ಲಿ ಮೋಸವೇನೂ ಇಲ್ಲ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಪ್ರಮಾಣವನ್ನು ಈ ನೀಲಿ ಹರಳನ್ನು ಆಧರಿಸಿಯೇ ಹೇಳುತ್ತಾರೆ. ತಕರಾರಿರುವುದು ಮೈಗಂಟಿ ಮಾಲನ್ನು ಹಸಿಯಾಗಿಸುವ ನೀರಿನ ಬಗ್ಗೆ.

ಹಸಿ ಮೈಲುತುತ್ತ ಸಾಮಾನ್ಯವಾಗಿ ಸಕ್ಕರೆಯಂತೆ ಸಣ್ಣ ಹರಳಿನದು. ಬೇಗ ಕರಗುವುದರಿಂದ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಬಂದು ನಿಂತಿರುವ ಬೆಳಗಿನ ಹೊತ್ತಿಗೆ ಅದು ನಿಜಕ್ಕೂ ಅನುಕೂಲ. ಅದರಲ್ಲಿ ಶೇಕಡ 5ರಷ್ಟು ಹೆಚ್ಚುವರಿ ತೇವವಿದ್ದರೂ ಒಂದು ಕಿಲೋದಲ್ಲಿ ಕಡಿಮೆಯಾಗುವುದು 50 ಗ್ರಾಂ. ಅಷ್ಟರಿಂದಲೇ ಕೊಳೆ ಔಷಧಿ ಕೆಡುವುದಿಲ್ಲ. ತೊಂದರೆಯಿರುವುದು ಚೀಲವನ್ನು ನಿಲ್ಲಿಸಿಟ್ಟಾಗ: ತೇವ ತಳಕ್ಕಿಳಿದು, ಮೇಲಿನ ಕಿಲೋ ಒಂದು ಬಗೆ, ಕೆಳಗಿನ ಕಿಲೋ ಇನ್ನೊಂದು ಬಗೆ ಆಗುತ್ತದೆ. ಕೆಳಗಿನ ಹಸಿ ಕಿಲೋದಲ್ಲಿ ತಾಮ್ರ ಕಡಿಮೆ, ಸುಣ್ಣ ಮಾತ್ರ ಅಷ್ಟೇ ಬೀಳುವುದರಿಂದ ದ್ರಾವಣ ಕ್ಷಾರದ ಕಡೆಗೆ ವಾಲುತ್ತದೆ. ಕಬ್ಬಿಣದ ಕತ್ತಿಯನ್ನು ಅದ್ದಿ ಕೆಂಪು ಲೇಪ ಕಾಣುತ್ತದೆಯೇ ಎಂದು ನೋಡುವ ನಮ್ಮ ಹಳೆಯ ಪರೀಕ್ಷೆ ತಾಮ್ರ ಹೆಚ್ಚಾದುದನ್ನು ತೋರಿಸುತ್ತದೆಯೇ ಹೊರತು ಸುಣ್ಣ ಹೆಚ್ಚಾದುದನ್ನು ತೋರಿಸುವುದಿಲ್ಲ. ಹಸಿ ಮಾಲು ಬಳಸುವವರು ಹುಳಿ-ಕ್ಷಾರ ತೋರಿಸುವ ಲಿಟ್ಮಸ್ ಕಾಗದವನ್ನೂ ಇಟ್ಟುಕೊಳ್ಳಬೇಕು.

ಒಣ ದಪ್ಪ ಹರಳು ನಿಧಾನವಾಗಿ ಕರಗುತ್ತದೆ. ಅದನ್ನು ಗೋಣಿಬಟ್ಟೆಯಲ್ಲಿ ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ ನೀರಿನ ಮೇಲ್ಮಟ್ಟದಲ್ಲಿ ಹಿಂದಿನ ರಾತ್ರಿಯೇ ತೂಗುಬಿಟ್ಟರೆ, ಭಾರವಾದ ದ್ರಾವಣ ತಾನಾಗಿ ಕೆಳಗಿಳಿದು ಬೆಳಗಾಗುವಷ್ಟರಲ್ಲಿ ಪೂರ್ತಿ ಕರಗಿರುತ್ತದೆ. ಹಸಿರು ಛಾಯೆಯ ಫೆರಸ್ ಸಲ್ಫೇಟಿನ ಕಲಬೆರಕೆಯನ್ನು ದಪ್ಪ ಹರಳಿನಲ್ಲಿ ಬಚ್ಚಿಡುವುದು ಕಷ್ಟ ಎಂಬುದು ಇನ್ನೊಂದು ಲಾಭ. ಇಟ್ಟರೆ ಬಾಳಿಕೆಯೂ ಚೆನ್ನಾಗಿದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 98 ತಲುಪುವ ತನಕ ಮೈಲುತುತ್ತ ಗಾಳಿಯ ತೇವ ಹೀರಿ ನೀರಾಗುವುದಿಲ್ಲ. ಆದ್ದರಿಂದ ಮೈಲುತುತ್ತದಲ್ಲಿ ನನ್ನ ಆಯ್ಕೆ ಒಣ ಹರಳು. ಹಸಿಯದು ತೇವದಷ್ಟಾದರೂ ಅಗ್ಗವಾಗಿದ್ದು, ಅದೇ ವಾರ ಮುಗಿಯುವಂತಿದ್ದರೆ ಮಾತ್ರ ಕೊಳ್ಳಬಹುದು. ತೇವವನ್ನು ಅಳೆಯಬೇಕೆಂದರೆ ಸ್ವಲ್ಪವನ್ನು ತೂಗಿ, ನೆರಳಿನಲ್ಲಿ ಕಾಗದದ ಮೇಲೆ ಹರಡಿ ಆರಿಸಿ, ಮತ್ತೆ ತೂಗಿದರಾಯಿತು. ಒಲೆಯ ಮೇಲೆ ಕಾಯಿಸಿದರೆ ಹರಳಿನೊಳಗಿನ ನೀರೂ ಹೊರಟು ಲೆಕ್ಕ ತಪ್ಪುತ್ತದೆ.

ಜಿಂಕ್ ಸಲ್ಫೇಟಿನ ಸ್ವಭಾವ ಬೇರೆ, ಇಲ್ಲಿ ಮುಖ್ಯ ವ್ಯತ್ಯಾಸ ಹರಳಿನೊಳಗಿನ ನೀರಿನದೇ. ಏಳು ನೀರಿನ ಹೆಪ್ಟಾಹೈಡ್ರೇಟಿನಲ್ಲಿ ಶೇಕಡ 21, ಒಂದೇ ನೀರಿನ ಮೋನೋಹೈಡ್ರೇಟಿನಲ್ಲಿ ಶೇಕಡ 33 ಸತು ಇರಬೇಕೆಂಬುದು ರಸಗೊಬ್ಬರ ನಿಯಂತ್ರಣ ಆದೇಶದ ಮಾನದಂಡ. ಅಂದರೆ ಮೊದಲನೆಯದರ ಬೆಲೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಿನವರೆಗೆ ಎರಡನೆಯದಕ್ಕೆ ಕೊಟ್ಟರೂ ನಷ್ಟವಿಲ್ಲ. ಗದ್ದೆಗೆ ಹೊರುವ ಭಾರವೂ ಕಡಿಮೆ. ಆದರೆ ಒಡೆದ ಚೀಲದ ಮೋನೋ ಮಳೆಗಾಲದ ಗಾಳಿಯಿಂದ ನೀರು ಎಳೆದುಕೊಂಡು ಕಲ್ಲಾಗುತ್ತದೆ, ತೂಕವೂ ಏರುತ್ತದೆ. ಆಮೇಲೆ ಚೀಟಿಯ ಮೇಲಿನ 33ಕ್ಕೆ ಅರ್ಥವಿಲ್ಲ. ಹೆಪ್ಟಾ ಕೂಡ ಶೇಕಡ 90ರ ಆಸುಪಾಸಿನ ಆರ್ದ್ರತೆಯಲ್ಲಿ ಬೆವರತೊಡಗುತ್ತದೆ, ಆಗುಂಬೆಯ ಸುತ್ತ ಜುಲೈನಲ್ಲಿ ಆ ಮಟ್ಟ ಅಪರೂಪವಲ್ಲ.

ಹೀಗಾಗಿ ನಾಟಿಗೆ ಮುನ್ನ ಒಮ್ಮೆಲೇ ಎರಚಿ ಮುಗಿಸುವ ಗದ್ದೆಗೆ ಮೋನೋ, ಬೇಗ ಕರಗಬೇಕಾದ ಎಲೆ ಸಿಂಪಡಣೆಗೆ ಹೆಪ್ಟಾ ತರುತ್ತೇನೆ. ಯಾವುದಾದರೂ ಸರಿ, ರಂಜಕದ ಗೊಬ್ಬರದ ಜೊತೆ ಬೆರೆಸುವುದಿಲ್ಲ, ಸತು ಕರಗದ ಫಾಸ್ಫೇಟಾಗಿ ಬಿಡುತ್ತದೆ. ದೊಡ್ಡ ಚೀಲಕ್ಕಿಂತ ಒಂದೊಂದು ಕಿಲೋದ ಬಿಗಿ ಪ್ಯಾಕೆಟ್ಟುಗಳು ತುಸು ದುಬಾರಿಯಾದರೂ, ಮೋನೋವನ್ನು ಮಾತ್ರ ನಾನು ಅವುಗಳಲ್ಲಿಯೇ ಕೊಳ್ಳುತ್ತಿದ್ದೇನೆ.