ಸಿಂಬಳದ ಹುಳುವಿಗೆ ಮೆಟಾಲ್ಡಿಹೈಡ್ ಗುಳಿಗೆ: ಮೂರು ಮಳೆಗಾಲ ಬಳಸಿದ ಮೇಲೆ

ಬಳಸಿದ ಜಾಗ: ಮಲೆನಾಡಿನ ಮನೆಯಂಗಳದ ಒಂದು ಗುಂಟೆ ಕೈತೋಟ. ಡೇರೆ (ಡೇಲಿಯಾ ಹೂ), ಸೌತೆ, ಬೀನ್ಸ್, ಆಂಥೂರಿಯಂ. ಅಂಕ: ಐದಕ್ಕೆ ಮೂರೂವರೆ.

ಗುಳಿಗೆ ಕೆಲಸ ಮಾಡುತ್ತದೆ. ಆದರೆ ಜಡಿಮಳೆಯಲ್ಲಿ ಬಯಲಿಗೆ ಎರಚಿದರೆ ದುಡ್ಡು ಮಣ್ಣುಪಾಲು. ಕಾರಣ ಅದು ಕೊಲ್ಲುವ ರೀತಿಯಲ್ಲೇ ಇದೆ. ಗುಳಿಗೆಯಲ್ಲಿ ಮೆಟಾಲ್ಡಿಹೈಡ್ ಎಂಬ ವಿಷ ಇರುವುದು 2.5% ಮಾತ್ರ, ಉಳಿದದ್ದು ಹೆಚ್ಚಿನಂಶ ಹುಳುವನ್ನು ಸೆಳೆಯುವ ತಿನಿಸು. ತಿಂದ ಹುಳು ವಿಪರೀತ ಲೋಳೆ ಸುರಿಸಿ, ಮೈಯ ನೀರು ಕಳೆದುಕೊಂಡು ಸಾಯುತ್ತದೆ. ರಾತ್ರಿ ತಿಂದು ಬಿದ್ದದ್ದರ ಮೇಲೆ ಬೆಳಗಿನ ಜಾವ ಮಳೆ ಹೊಯ್ದರೆ ಮತ್ತೆ ನೀರು ಹೀರಿಕೊಂಡು, ಚೇತರಿಸಿಕೊಂಡು, ಮಣ್ಣಿನ ಸಂದಿಗೆ ಸೇರಿಬಿಡುತ್ತದೆ. ಹಾಗಾಗಿ ಮಳೆ ಹೊಳವಾದ ದಿನ ನೋಡಿ ಸಂಜೆ ಇಡಬೇಕು. ಮರುದಿನ ಬೆಳಕು ಹರಿಯುತ್ತಲೇ ಒಂದು ಸುತ್ತು ಹೋಗಿ, ಲೋಳೆಯ ನಡುವೆ ಮುದುಡಿಕೊಂಡದ್ದನ್ನೆಲ್ಲ ಇಕ್ಕಳದಲ್ಲಿ ಹೆಕ್ಕಿ ಸೋಪಿನ ನೀರಿಗೆ ಹಾಕಬೇಕು. ಆಮೇಲೆ ಕೋಳಿ ಕೆದಕದಷ್ಟು ಆಳದಲ್ಲಿ ಹೂಳಿ. ಬರಿಗೈಯಲ್ಲಿ ಮುಟ್ಟಬೇಡಿ. ಇಲಿಯ ಶ್ವಾಸಕೋಶದ ಜಂತು ಈ ಹುಳುಗಳಲ್ಲಿ ಇರುವುದುಂಟು, ಅದು ಮನುಷ್ಯರಲ್ಲಿ ಮಿದುಳಿನ ಪೊರೆಯ ಉರಿಯೂತ ತರಬಲ್ಲದು.

ಪ್ರಮಾಣ ಎಕರೆಗೆ 2 ಕೆಜಿ, ಅಂದರೆ ಗುಂಟೆಗೆ 50 ಗ್ರಾಂ. ನೋಡಲು ತೀರಾ ಕಡಿಮೆ ಅನ್ನಿಸುತ್ತದೆ, ಕೈ ತಾನಾಗಿ ಹೆಚ್ಚು ಹಾಕುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಹುಳು ಸಾಯುವುದಿಲ್ಲ, ನಾಯಿಗೆ ಅಪಾಯ ಮಾತ್ರ ಹೆಚ್ಚುತ್ತದೆ. ರಾಶಿ ಹಾಕುವುದಂತೂ ಕೂಡದು.

ಬಯಲಲ್ಲಿ ಇಟ್ಟ ಗುಳಿಗೆ ಎರಡು ಮಳೆಗೆ ಊದಿ, ಹಿಟ್ಟಾಗಿ, ಬೂಷ್ಟು ಹಿಡಿಯುತ್ತದೆ. ಇದಕ್ಕೆ ಚೆನ್ನಾಗಿ ಒದಗಿದ್ದು 2 ಇಂಚಿನ ಪಿವಿಸಿ ಪೈಪು. ಒಂದೊಂದು ಅಡಿಗೆ ಕತ್ತರಿಸಿ, ಗಿಡದ ಸಾಲಿನ ಪಕ್ಕ ಮಲಗಿಸಿ, ನೀರು ನಿಲ್ಲದಂತೆ ಒಂದು ತುದಿ ತುಸು ತಗ್ಗು ಮಾಡಿ. ಕೋಲಿನಿಂದ ಐದಾರು ಗುಳಿಗೆಯನ್ನು ನಡುವಿಗೆ ತಳ್ಳಿ. ನಾಯಿ ಪೈಪನ್ನೇ ಕಚ್ಚಿಕೊಂಡು ಹೋಗದಂತೆ ಎರಡೂ ಕಡೆ ತಂತಿಯ ಕೊಕ್ಕೆ ಬಡಿಯಿರಿ. ಗುಂಟೆಗೆ ಎಂಟು ತುಂಡು ಸಾಕು. ತೀರಾ ದೊಡ್ಡದಾಗಿ ಬೆಳೆದ ಆಫ್ರಿಕನ್ ಬಸವನಹುಳು ಇದರೊಳಗೆ ನುಗ್ಗಲಾರದು, ಅದನ್ನು ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಒಂದು ಅಂಕ ಪೂರ್ತಿ ಕಳೆದದ್ದು ನಾಯಿಯ ಲೆಕ್ಕಕ್ಕೆ. ಈ ತಿನಿಸು ನಾಯಿಗೂ ರುಚಿ. ತಿಂದರೆ ನಡುಕ, ಸೆಳೆತ ಬರುತ್ತದೆ, ಇದಕ್ಕೆಂದೇ ಪ್ರತಿವಿಷ ಇಲ್ಲ. ಪೊಟ್ಟಣ ಕೈಯಲ್ಲಿ ಹಿಡಿದು ಕೂಡಲೇ ಪಶುವೈದ್ಯರ ಬಳಿ ಓಡಬೇಕು. ಹಕ್ಕಿಗಳಿಗೂ ಕಾಡುಪ್ರಾಣಿಗಳಿಗೂ ಅಪಾಯವೆಂದು ಬ್ರಿಟನ್ನಿನಲ್ಲಿ 2022ರ ಮಾರ್ಚ್ ಅಂತ್ಯದಿಂದ ಇದರ ಹೊರಾಂಗಣ ಬಳಕೆಯನ್ನೇ ನಿಲ್ಲಿಸಿದ್ದಾರೆ. ಇನ್ನರ್ಧ ಅಂಕ ಹೋದದ್ದು ಪೊಟ್ಟಣಕ್ಕೆ: ಒಮ್ಮೆ ಕತ್ತರಿಸಿದರೆ ಮುಚ್ಚಲು ಬರುವುದಿಲ್ಲ, ಆಷಾಢದ ಥಂಡಿಗೆ ಗುಳಿಗೆ ಮೆತ್ತಗಾಗುತ್ತದೆ. ಪೊಟ್ಟಣ ಸಮೇತ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ‘ವಿಷ’ ಎಂದು ಬರೆದು, ಮಕ್ಕಳ ಕೈಗೆಟುಕದ ಕಡೆ ಇಡಿ.

ಡೇರೆ ಬೆಳೆಯುವವರಿಗೆ ಒಂದು ಮಾತು. ಗೆಡ್ಡೆಯಿಂದ ಮೊಳಕೆ ಎದ್ದು ಗೇಣುದ್ದವಾಗುವ ತನಕವೇ ನಿಜವಾದ ಗಂಡಾಂತರ. ಕೆಂಪು ಮೊಳಕೆ ರಾತ್ರೋರಾತ್ರಿ ಬುಡಮಟ್ಟ ಬೋಳಾಗಿ, ಸುತ್ತ ಒಣಗಿದ ಲೋಳೆಯ ಹೊಳಪು ಮಾತ್ರ ಉಳಿದಿರುತ್ತದೆ. ಆದ್ದರಿಂದ ಪೈಪನ್ನು ಮೊಳಕೆ ಕಾಣುವ ಮುಂಚೆಯೇ ಇಡಬೇಕು. ಗೇಣು ದಾಟಿದ ಗಿಡದ ನಾಲ್ಕು ಎಲೆ ತೂತಾದರೆ ಗುಳಿಗೆ ಖರ್ಚು ಮಾಡಬೇಕಿಲ್ಲ.

ಮಳೆ ಬಿಡುವೇ ಕೊಡದ ವಾರಗಳಲ್ಲಿ ಗುಳಿಗೆಗಿಂತ ಒದ್ದೆ ಗೋಣಿಚೀಲ ವಾಸಿ. ಸಂಜೆ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆಯನ್ನೋ ಬೆಲ್ಲ ಕಲಸಿದ ತೌಡನ್ನೋ ಇಟ್ಟು, ಬೆಳಿಗ್ಗೆ ಮಗುಚಿದರೆ ಹುಳುಗಳು ಅಡಿಗೆ ಅಂಟಿಕೊಂಡಿರುತ್ತವೆ. ಬೂದಿ ಒಂದೇ ಮಳೆಗೆ ಕೊಚ್ಚಿಹೋಗುತ್ತದೆ. ಉಪ್ಪು ಮಣ್ಣನ್ನೇ ಕೆಡಿಸುತ್ತದೆ. ದುಬಾರಿ ತಾಮ್ರದ ಟೇಪು, ಮೊಟ್ಟೆಸಿಪ್ಪೆ ಎರಡೂ ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬಂದಿಲ್ಲ.

ಗುಳಿಗೆಯಿಂದ ಮೊಟ್ಟೆ ಸಾಯುವುದಿಲ್ಲ. ಕುಂಡದ ಅಡಿಯಲ್ಲಿ, ಹಂಚಿನ ಚೂರಿನ ಕೆಳಗೆ ಸಬ್ಬಕ್ಕಿ ಬೇಯಿಸಿಟ್ಟಂತೆ ಗೊಂಚಲಾಗಿ ಕಾಣುವುದೇ ಅದು. ಕೆದಕಿ ಬಿಸಿಲಿಗೆ ಹರಡಿ, ಹದಿನೈದು ದಿನ ಬಿಟ್ಟು ಪೈಪಿಗೆ ಹೊಸ ಗುಳಿಗೆ ಹಾಕಿ.