‘ಮಷೀನ್ ಹೆಡ್’: ಗಿಟಾರಿಗೆ ಸರಿಸಮನಾಗಿ ನಿಂತ ಆರ್ಗನ್

ಹಾರ್ಡ್ ರಾಕ್ ಕೇಳಲು ತೊಡಗುವವರು ಮೊದಲು ಯಾವ ಆಲ್ಬಮ್ ಕೊಳ್ಳಬೇಕೆಂದು ವಿಚಾರಿಸಿದಾಗಲೆಲ್ಲ ನಾನು ಬ್ರಿಟನ್ನಿನ ಡೀಪ್ ಪರ್ಪಲ್ ತಂಡದ ‘ಮಷೀನ್ ಹೆಡ್’ ಹೆಸರನ್ನೇ ಹೇಳುತ್ತೇನೆ. 1972ರ ಮಾರ್ಚ್‌ನಲ್ಲಿ ಬಿಡುಗಡೆಯಾಗಿ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಈ ಆಲ್ಬಮ್ಮಿನಲ್ಲಿರುವುದು ಏಳೇ ಹಾಡುಗಳು, ಒಟ್ಟು ಅವಧಿ ನಲವತ್ತು ನಿಮಿಷಕ್ಕೂ ಕಡಿಮೆ. ಲೆಡ್ ಜೆಪೆಲಿನ್, ಬ್ಲ್ಯಾಕ್ ಸಬ್ಬತ್ ತಂಡಗಳಲ್ಲಿ ಗಿಟಾರಿನದೇ ಯಜಮಾನಿಕೆ. ಇಲ್ಲಿ ರಿಚಿ ಬ್ಲ್ಯಾಕ್‌ಮೋರ್ ಅವರ ಗಿಟಾರಿಗೆ ಜಾನ್ ಲಾರ್ಡ್ ಅವರ ಹ್ಯಾಮಂಡ್ ಆರ್ಗನ್ (ವಿದ್ಯುತ್ತಿನಿಂದ ನುಡಿಯುವ ಕೀಲಿಮಣೆ ವಾದ್ಯ) ಸರಿಜೋಡಿಯಾಗಿ ನಿಲ್ಲುತ್ತದೆ. ಲಾರ್ಡ್ ತಮ್ಮ ಆರ್ಗನ್ನನ್ನು ಗಿಟಾರಿನವರು ಬಳಸುವ ಮಾರ್ಷಲ್ ಆಂಪ್ಲಿಫೈಯರ್‌ಗೆ ಜೋಡಿಸಿ ನುಡಿಸುತ್ತಿದ್ದುದರಿಂದ ಅದರ ನಾದಕ್ಕೆ ಒಂದು ಗುಡುಗು ಬಂದಿದೆ.

ಧ್ವನಿಮುದ್ರಣದ ಕಥೆ ಪ್ರಸಿದ್ಧವಾದರೂ, ಆಲ್ಬಮ್ಮಿನ ನಾದ ಅರ್ಥವಾಗಬೇಕಾದರೆ ಅದನ್ನು ಹೇಳಲೇಬೇಕು. 1971ರ ಡಿಸೆಂಬರ್‌ನಲ್ಲಿ ತಂಡವು ಸ್ವಿಟ್ಜರ್ಲೆಂಡಿನ ಮಾಂಟ್ರೋ ಪಟ್ಟಣದ ಕ್ಯಾಸಿನೋದಲ್ಲಿ ಮುದ್ರಣಕ್ಕೆ ಸಿದ್ಧವಾಗಿತ್ತು. ಆದರೆ ಡಿಸೆಂಬರ್ 4ರಂದು ಅಮೆರಿಕದ ರಾಕ್ ಸಂಗೀತಗಾರ ಫ್ರಾಂಕ್ ಜಾಪಾ ಅವರ ಸಂಗೀತ ಕಛೇರಿ ನಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಹಾರಿಸಿದ ಫ್ಲೇರ್‌ನಿಂದ (ಉರಿಯುವ ಸಂಕೇತ ಬಾಣದಿಂದ) ಬೆಂಕಿ ಹೊತ್ತಿ ಆ ಕಟ್ಟಡವೇ ಸುಟ್ಟುಹೋಯಿತು. ಕೊನೆಗೆ ಚಳಿಗಾಲಕ್ಕೆಂದು ಬಾಗಿಲು ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಕಾರಿಡಾರುಗಳಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ, ಹೊರಗೆ ನಿಂತ ರೋಲಿಂಗ್ ಸ್ಟೋನ್ಸ್ ತಂಡದ ಸಂಚಾರಿ ಸ್ಟುಡಿಯೋ ಟ್ರಕ್ಕಿನವರೆಗೆ ಕೇಬಲ್ ಎಳೆದು ಕೆಲಸ ಮುಗಿಸಿದರು. ನುಡಿಸಿದ್ದನ್ನು ಕೇಳಿನೋಡಲು ಟ್ರಕ್ಕಿಗೆ ಹೋಗಿಬರುವುದೇ ತ್ರಾಸವಾಗಿದ್ದರಿಂದ ವಾದಕರು ಕ್ರಮೇಣ ಅಲ್ಲಿಗೆ ಹೋಗುವುದನ್ನೇ ಬಿಟ್ಟರು. ಹಾಡುಗಳಲ್ಲಿ ಕೇಳಿಸುವ ನೇರವಾದ, ಅಲಂಕಾರವಿಲ್ಲದ ಬಿಗಿಗೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರ ಕೈಚಳಕವಂತೂ ಸರಿಯೇ ಸರಿ.

ಆ ಬೆಂಕಿಯನ್ನೇ ಹಾಡಾಗಿಸಿದ ‘ಸ್ಮೋಕ್ ಆನ್ ದ ವಾಟರ್’ ಗಿಟಾರ್ ಕಲಿಯುವವರ ಮೊದಲ ಪಾಠವಾಗಿ ಸವೆದುಹೋಗಿದೆ. ಆದರೂ ಅದರ ಆರಂಭವನ್ನು ಗಮನವಿಟ್ಟು ಕೇಳಬೇಕು. ಮೊದಲು ಗಿಟಾರ್ ಒಂದೇ, ಎರಡೆರಡು ತಂತಿಗಳನ್ನು ಬೆರಳಿನಿಂದಲೇ ಮೀಟಿದ್ದು. ಆಮೇಲೆ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳ) ಮತ್ತು ಆರ್ಗನ್, ನಂತರ ಡ್ರಮ್ಸ್, ಎಲ್ಲರಿಗಿಂತ ಕೊನೆಗೆ ಬಾಸ್. ಹೀಗೆ ಒಂದೊಂದೇ ಪದರ ಕೂಡುತ್ತಾ ಹೋಗುವುದರಲ್ಲಿ ಆ ಸರಳ ಸ್ವರಗುಚ್ಛಕ್ಕೆ ತೂಕ ಬರುತ್ತದೆ.

ಆದರೆ ನನ್ನ ಮಟ್ಟಿಗೆ ಆಲ್ಬಮ್ಮಿನ ಶಿಖರ ‘ಪಿಕ್ಚರ್ಸ್ ಆಫ್ ಹೋಮ್’. ಇಯಾನ್ ಪೇಸ್ ಅವರ ಡ್ರಮ್ಸ್‌ನಿಂದ ಆರಂಭವಾಗುವ ಇದರಲ್ಲಿ ರೋಜರ್ ಗ್ಲೋವರ್ ಅವರ ಬಾಸ್‌ಗೂ ಒಂದು ಪುಟ್ಟ ತನಿ (ಒಂಟಿ ವಾದನ) ಸಿಕ್ಕಿದೆ, ಮತ್ತು ಹಾಡು ಮುಗಿಯಿತೆನ್ನುವಾಗ ವಾದ್ಯಗಳು ಮತ್ತೆ ಎದ್ದು ಬರುತ್ತವೆ. ‘ಮೇಬಿ ಐ ಆಮ್ ಎ ಲಿಯೋ’ ಹಾಡಿನ ರಿಫ್ (ಮರುಕಳಿಸುವ ಸ್ವರಗುಚ್ಛ) ತಾಳದ ಮೊದಲ ಪೆಟ್ಟನ್ನು ಬಿಟ್ಟು ಆರಂಭವಾಗುವುದರಿಂದ, ಕರ್ನಾಟಕ ಸಂಗೀತದಲ್ಲಿ ಅನಾಗತ ಎಡುಪಿನ (ತಾಳ ಶುರುವಾದ ಮೇಲೆ ಆರಂಭವಾಗುವ) ಕೃತಿಗಳನ್ನು ಕೇಳಿ ಬಲ್ಲವರಿಗೆ ಅದು ಕೂಡಲೇ ಹಿಡಿಸುತ್ತದೆ. ‘ಹೈವೇ ಸ್ಟಾರ್’ನಲ್ಲಿ ಇಯಾನ್ ಗಿಲನ್ ಅವರ ಕಂಠ ತಾರಸ್ಥಾಯಿಯಲ್ಲಿ ನಿರಾಯಾಸವಾಗಿ ಓಡಾಡಿದರೆ, ‘ಲೇಜಿ’ಯಲ್ಲಿ ಲಾರ್ಡ್ ಬ್ಲೂಸ್ ಶೈಲಿಯನ್ನು ಸಾವಕಾಶವಾಗಿ ಬಿಡಿಸಿಡುತ್ತಾರೆ. ‘ಸ್ಪೇಸ್ ಟ್ರಕ್ಕಿನ್’ ಹುರುಪಿನ ಮುಕ್ತಾಯ.

ಸೊರಗಿದ ಹಾಡು ‘ನೆವರ್ ಬಿಫೋರ್’ ಒಂದೇ. ತಂಡ ಇದನ್ನೇ ಮೊದಲ ಸಿಂಗಲ್ಲಾಗಿ (ಬಿಡಿ ಹಾಡಿನ ತಟ್ಟೆಯಾಗಿ) ಹೊರತಂದು, ಅದೇ ಅಧಿವೇಶನದಲ್ಲಿ ಮುದ್ರಿಸಿದ್ದ ‘ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್’ ಎಂಬ ವಿಷಾದದ ಹಾಡನ್ನು ಆಲ್ಬಮ್ಮಿಗೆ ಸೇರಿಸದೆ ಆ ಸಿಂಗಲ್ಲಿನ ಹಿಂಬದಿಗೆ ಹಾಕಿತು. ಎರಡನ್ನೂ ಅದಲುಬದಲು ಮಾಡಿದ್ದರೆ ಆಲ್ಬಮ್ ಇನ್ನೂ ಪುಷ್ಟವಾಗುತ್ತಿತ್ತು.

ಈಗ ಹಲವು ಆವೃತ್ತಿಗಳು ದೊರೆಯುತ್ತವೆ. 1997ರ ಆವೃತ್ತಿಯಲ್ಲಿ ಗ್ಲೋವರ್ ಹೊಸದಾಗಿ ಮಿಕ್ಸ್ ಮಾಡಿದ (ಒಂದೊಂದು ವಾದ್ಯದ ಸದ್ದನ್ನು ಮತ್ತೆ ಹದಗೊಳಿಸಿ ಬೆರೆಸಿದ) ಹಾಡುಗಳಿವೆ, ಬಿಟ್ಟುಹೋದ ಆ ಹಾಡೂ ಸೇರಿದೆ. 2024ರದಕ್ಕೆ ಫ್ರಾಂಕ್ ಜಾಪಾ ಅವರ ಮಗ ಡ್ವೀಜಿಲ್ ಜಾಪಾ ಮಿಕ್ಸ್ ಮಾಡಿದ್ದಾರೆ. ಮೊದಲ ಸಲ ಕೇಳುವವರು ಮಾತ್ರ 1972ರ ಮೂಲ ಮಿಕ್ಸನ್ನೇ ಆರಿಸಿಕೊಳ್ಳಲಿ, ಅದನ್ನೂ ಫೋನಿನ ಸ್ಪೀಕರಿನಲ್ಲಿ ಕೇಳದೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಲಿ. ಇಲ್ಲದಿದ್ದರೆ ಬಾಸ್ ಮತ್ತು ಆರ್ಗನ್ನಿನ ಮಂದ್ರ ಸ್ವರಗಳು ಕಿವಿಗೆ ಬೀಳುವುದೇ ಇಲ್ಲ.